ಮನೆಯೊಳಗಿನ ಅರಸೊತ್ತಿಗೆ

'ಗಂಡ ಹೆಂಡಿರ ಜಗಳ ಉಂಡು ಮಲಗುವ ತನಕ' ಎಂಬ ಗಾದೆಯನ್ನು ಕೇಳದವರು ನಮ್ಮಲ್ಲಿ ವಿರಳ. ಸಮಾನರಾದ ಇಬ್ಬರ ನಡುವೆ ಹುಟ್ಟಿ, ಹೊತ್ತು ಕಳೆಯುವುದರೊಳಗೆ ಅಡಗಿಹೋಗುವ ಸಣ್ಣ ಮುನಿಸಿಗೆ ಈ ಮಾತು ಚೆನ್ನಾಗಿ ಸಲ್ಲುತ್ತದೆ. ಆದರೆ ಒಬ್ಬನು ಹೊಡೆಯಬಲ್ಲವನಾಗಿ, ಇನ್ನೊಬ್ಬಳು ಆ ಹೊಡೆತವನ್ನು ಸಹಿಸಲೇಬೇಕಾದವಳಾಗಿದ್ದರೆ ಅದನ್ನು ಜಗಳವೆನ್ನಬಹುದೆ? ಒಬ್ಬನ ಮಾತೇ ಶಾಸನವಾಗಿ, ಇನ್ನೊಬ್ಬಳಿಗೆ ದೂರು ಹೇಳಿಕೊಳ್ಳುವುದಕ್ಕೂ ಎಡೆಯಿಲ್ಲದಿದ್ದರೆ ಆ ಸ್ಥಿತಿಗೆ ಏನೆಂದು ಹೆಸರಿಡಬೇಕು? ರಾಜ್ಯದಲ್ಲಿ ಇಂಥ ಅಧಿಕಾರವನ್ನು ನಡೆಸುವವನನ್ನು ನಿರಂಕುಶ ಪ್ರಭುವೆಂದು ಕರೆಯುತ್ತೇವೆ. ಮನೆಯಲ್ಲಿ ನಡೆಸುವವನಿಗೂ ಅದೇ ಹೆಸರು ಸಲ್ಲಬೇಡವೆ ಎಂಬ ಪ್ರಶ್ನೆಯನ್ನು ಇಂಗ್ಲೆಂಡಿನಲ್ಲಿ ಮುನ್ನೂರು ವರ್ಷಗಳಿಗೂ ಹಿಂದೆ ಕೆಲವರು ಕೇಳತೊಡಗಿದರು. ಕೇಳಿದವರಲ್ಲಿ ಬಹುಮಂದಿ ಸ್ತ್ರೀಯರು. ಆ ಪ್ರಶ್ನೆಯು ಹೇಗೆ ಬೆಳೆಯಿತು, ಅದನ್ನು ಎತ್ತಿದವರು ಎಂಥ ಕಷ್ಟಗಳನ್ನು ಕಂಡರು, ಕೊನೆಗೆ ಅದು ಆ ದೇಶದ ಕಾನೂನನ್ನೇ ಹೇಗೆ ಬದಲಿಸಿತು ಎಂಬುದನ್ನು ಇಲ್ಲಿ ನೋಡೋಣ.

ಮೊದಲು ಆ ಕಾಲದ ಕಾನೂನಿನ ಸ್ವರೂಪವನ್ನು ತಿಳಿಯಬೇಕು. ಹದಿನೆಂಟನೆಯ ಶತಮಾನದ ಇಂಗ್ಲೆಂಡಿನಲ್ಲಿ ಮದುವೆಯಾದ ಹೆಣ್ಣಿಗೆ ಕಾನೂನಿನ ದೃಷ್ಟಿಯಲ್ಲಿ ಪ್ರತ್ಯೇಕವಾದ ಅಸ್ತಿತ್ವವೇ ಇರಲಿಲ್ಲ. ಗಂಡ ಹೆಂಡತಿ ಇಬ್ಬರೂ ಸೇರಿ ಒಂದೇ ವ್ಯಕ್ತಿ. ಆ ಒಂದು ವ್ಯಕ್ತಿ ಗಂಡ. 1765ರಲ್ಲಿ ಇಂಗ್ಲೆಂಡಿನ ಕಾನೂನನ್ನು ಕುರಿತು ಬೃಹದ್ಗ್ರಂಥವನ್ನು ಪ್ರಕಟಿಸತೊಡಗಿದ ವಿಲಿಯಂ ಬ್ಲ್ಯಾಕ್‌ಸ್ಟನ್ ಎಂಬ ನ್ಯಾಯಶಾಸ್ತ್ರಜ್ಞನು ಈ ತತ್ತ್ವವನ್ನು ಸ್ಪಷ್ಟವಾಗಿ ವಿವರಿಸಿದ್ದಾನೆ. ಇದರ ಪರಿಣಾಮವಾಗಿ ಹೆಂಡತಿಯು ತಂದ ಹಣ, ಒಡವೆ, ಅವಳು ದುಡಿದು ಗಳಿಸಿದ ಕೂಲಿ ಇವೆಲ್ಲವೂ ಗಂಡನ ಸೊತ್ತಾಗುತ್ತಿದ್ದವು. ಅವಳು ತನ್ನ ಹೆಸರಿನಲ್ಲಿ ಕರಾರು ಮಾಡಿಕೊಳ್ಳುವಂತಿರಲಿಲ್ಲ. ನ್ಯಾಯಾಲಯದಲ್ಲಿ ದಾವೆ ಹೂಡುವಂತಿರಲಿಲ್ಲ. ಅವಳು ಹೆತ್ತ ಮಕ್ಕಳ ಮೇಲೆ ಕಾನೂನು ಒಪ್ಪಿದ ಅಧಿಕಾರವು ತಂದೆಯೊಬ್ಬನಿಗೇ ಇತ್ತು. ಹಿಂದಿನ ಕಾನೂನು ಹೆಂಡತಿಗೆ 'ಮಿತವಾದ ಶಿಕ್ಷೆ' ಕೊಡುವ ಅಧಿಕಾರವನ್ನೂ ಗಂಡನಿಗೆ ಕೊಟ್ಟಿತ್ತೆಂದು ಬ್ಲ್ಯಾಕ್‌ಸ್ಟನ್ ಹೇಳುತ್ತಾನೆ. ತನ್ನ ಕಾಲಕ್ಕೆ ಆ ಅಧಿಕಾರವನ್ನು ಸಂಶಯದಿಂದ ಕಾಣುತ್ತಿದ್ದರೆಂದೂ, ಆದರೂ ಜನಸಾಮಾನ್ಯರು ಅದನ್ನು ಬಿಟ್ಟುಕೊಟ್ಟಿರಲಿಲ್ಲವೆಂದೂ ಆತ ಸೇರಿಸಿದ್ದಾನೆ. ಇಷ್ಟೆಲ್ಲ ನಿರ್ಬಂಧಗಳು ಸ್ತ್ರೀಯ ರಕ್ಷಣೆಗಾಗಿಯೇ ಇವೆ ಎಂದು ಆತ ಭಾವಿಸಿದ್ದುದು ಆಶ್ಚರ್ಯದ ಸಂಗತಿ.

ವಿಪರ್ಯಾಸವೆಂದರೆ, ಇದೇ ಇಂಗ್ಲೆಂಡಿನ ಜನ ದೊರೆಗಳ ನಿರಂಕುಶತ್ವವನ್ನು ಎದುರಿಸಿದವರೆಂದು ಹೆಮ್ಮೆಪಡುತ್ತಿದ್ದರು. 1649ರಲ್ಲಿ ಒಂದನೆಯ ಚಾರ್ಲ್ಸ್ ದೊರೆಯ ವಿಚಾರಣೆ ನಡೆಸಿ ಆತನಿಗೆ ಮರಣದಂಡನೆ ವಿಧಿಸಿದರು. 1688ರ ಕ್ರಾಂತಿಯಲ್ಲಿ ಎರಡನೆಯ ಜೇಮ್ಸ್ ದೊರೆಯು ದೇಶವನ್ನು ಬಿಟ್ಟು ಓಡುವಂತಾಯಿತು. ಯಾವ ಮನುಷ್ಯನೂ ಇನ್ನೊಬ್ಬನ ಮೇಲೆ ಮನಬಂದಂತೆ ಅಧಿಕಾರ ನಡೆಸಲು ಹುಟ್ಟಿಬಂದಿಲ್ಲ ಎಂಬ ತತ್ತ್ವವು ವಿದ್ವಾಂಸರ ಗ್ರಂಥಗಳಲ್ಲಿಯೂ ಜನರ ಬಾಯಲ್ಲಿಯೂ ನೆಲೆಗೊಂಡಿತು. ಹೀಗಿರುವಾಗ ಮೇರಿ ಆಸ್ಟೆಲ್ ಎಂಬ ವಿದುಷಿಯು 1700ರಲ್ಲಿ ವಿವಾಹವನ್ನು ಕುರಿತು ಒಂದು ಪುಸ್ತಕವನ್ನು ಬರೆದಳು. 1706ರಲ್ಲಿ ಬಂದ ಅದರ ಮೂರನೆಯ ಆವೃತ್ತಿಯ ಮುನ್ನುಡಿಯಲ್ಲಿ ಆಕೆ ಎತ್ತಿದ ಪ್ರಶ್ನೆಗಳು ಬಹಳ ಹರಿತವಾದವು. ರಾಜ್ಯದಲ್ಲಿ ಒಬ್ಬನೇ ಸರ್ವಾಧಿಕಾರಿಯಾಗಿರುವುದು ತಪ್ಪಾದರೆ ಸಂಸಾರದಲ್ಲಿ ಅದು ಹೇಗೆ ಸರಿಯಾಗುತ್ತದೆ? ಪುರುಷರೆಲ್ಲರೂ ಹುಟ್ಟಿನಿಂದ ಸ್ವತಂತ್ರರಾದರೆ ಸ್ತ್ರೀಯರು ಮಾತ್ರ ಹುಟ್ಟಿನಿಂದ ದಾಸಿಯರಾದುದು ಹೇಗೆ? ಆಸ್ಟೆಲ್ ದೊರೆಗಳ ವಿರೋಧಿಯಲ್ಲ, ರಾಜನಿಷ್ಠೆಯುಳ್ಳವಳು. ಹೊರಗೆ ಸ್ವಾತಂತ್ರ್ಯದ ಮಾತನಾಡಿ ಒಳಗೆ ಅದನ್ನು ಮರೆಯುವವರ ಇಬ್ಬಗೆಯ ನಡತೆಯನ್ನು ಬಯಲಿಗೆಳೆಯುವುದು ಆಕೆಯ ಉದ್ದೇಶವಾಗಿತ್ತು. ಆಕೆಯ ಪ್ರಶ್ನೆಗೆ ಆ ಕಾಲ ಉತ್ತರ ಕೊಡಲಿಲ್ಲ. ಆದರೆ ಪ್ರಶ್ನೆ ಉಳಿಯಿತು.

ಅದನ್ನು ಮತ್ತೆ ಕೈಗೆತ್ತಿಕೊಂಡು, ಅದಕ್ಕೆ ಒಂದು ಶಾಸ್ತ್ರದ ರೂಪವನ್ನು ಕೊಟ್ಟವಳು ಮೇರಿ ವುಲ್ಸ್‌ಟನ್‌ಕ್ರಾಫ್ಟ್. ಆಕೆ 1759ರ ಏಪ್ರಿಲ್ 27ರಂದು ಲಂಡನ್ ನಗರದ ಸ್ಪಿಟಲ್‌ಫೀಲ್ಡ್ಸ್ ಎಂಬಲ್ಲಿ ಜನಿಸಿದಳು. ಏಳು ಮಂದಿ ಮಕ್ಕಳಲ್ಲಿ ಆಕೆ ಎರಡನೆಯವಳು. ಆಕೆಯ ಅಜ್ಜ ನೇಯ್ಗೆಯ ಉದ್ಯಮದಿಂದ ಸಾಕಷ್ಟು ಸಂಪತ್ತನ್ನು ಗಳಿಸಿದ್ದವನು. ತಂದೆಯು ಆ ಕಸುಬನ್ನು ಬಿಟ್ಟು, ಭೂಮಿಯ ಒಡೆಯನಾಗಿ ಮೆರೆಯುವ ಆಸೆಯಿಂದ ಊರಿಂದೂರಿಗೆ ಅಲೆದು ಕೈಯಲ್ಲಿದ್ದ ಹಣವನ್ನೆಲ್ಲ ಕಳೆದನು. ಸೋಲು ಹೆಚ್ಚಿದಂತೆ ಕುಡಿತವೂ ಹೆಚ್ಚಿತು. ಕುಡಿತದೊಡನೆ ಸಿಟ್ಟೂ ಏರಿತು. ಆ ಸಿಟ್ಟಿಗೆ ಈಡಾಗುತ್ತಿದ್ದವಳು ಹೆಂಡತಿ. ತಂದೆ ತಾಯಿಯನ್ನು ಹೊಡೆಯಲು ಕೈಯೆತ್ತಿದಾಗ ಮೇರಿಯು ನಡುವೆ ನುಗ್ಗಿ ಆ ಪೆಟ್ಟುಗಳನ್ನು ತನ್ನ ಮೈಮೇಲೆ ತೆಗೆದುಕೊಳ್ಳುತ್ತಿದ್ದಳು. ಕೆಲವು ರಾತ್ರಿಗಳಲ್ಲಿ, ತಂದೆ ಎಲ್ಲಿ ತಾಯಿಯ ಮೇಲೆ ಕೈಮಾಡುವನೋ ಎಂಬ ಭಯದಿಂದ, ಅವರ ಮಲಗುವ ಕೋಣೆಯ ಬಾಗಿಲ ಬಳಿ ಮೆಟ್ಟಿಲ ಮೇಲಣ ಜಾಗದಲ್ಲಿ ಬೆಳಗಾಗುವವರೆಗೂ ಮಲಗಿರುತ್ತಿದ್ದಳು. ಮುಂದೆ ಆಕೆಯ ಪತಿಯಾದ ವಿಲಿಯಂ ಗಾಡ್ವಿನ್ ತಾನು ಬರೆದ ಆಕೆಯ ಜೀವನಚರಿತ್ರೆಯಲ್ಲಿ ಈ ಸಂಗತಿಯನ್ನು ದಾಖಲಿಸಿದ್ದಾನೆ.

ಆ ಮನೆಯಲ್ಲಿ ಮೇರಿ ಕಂಡ ಅನ್ಯಾಯ ಇದೊಂದೇ ಆಗಿರಲಿಲ್ಲ. ಅಜ್ಜನು ತನ್ನ ಆಸ್ತಿಯಲ್ಲಿ ಹಿರಿಯ ಮೊಮ್ಮಗನಿಗೆ ಪಾಲನ್ನು ಬಿಟ್ಟುಹೋಗಿದ್ದನು. ಮೊಮ್ಮಗಳಾದ ಮೇರಿಗೆ ಏನೂ ದೊರೆಯಲಿಲ್ಲ. ಅಣ್ಣನು ವಕೀಲಿ ವೃತ್ತಿಗೆ ಓದಿದನು. ಮೇರಿಗೆ ದೊರೆತದ್ದು ಕೆಲವು ವರ್ಷಗಳ ಸಾಮಾನ್ಯ ಶಾಲೆಯ ಓದು ಮಾತ್ರ. ಉಳಿದುದನ್ನು ಆಕೆ ಪುಸ್ತಕಗಳನ್ನು ಎರವಲು ಪಡೆದು ತಾನೇ ಕಲಿತಳು. ಆ ಕಾಲದ ಮಧ್ಯಮವರ್ಗದ ಹೆಣ್ಣಿಗೆ ಮರ್ಯಾದೆಯಿಂದ ಬದುಕಲು ತೆರೆದಿದ್ದ ದಾರಿಗಳು ಬಹಳ ಕಡಮೆ. ಸಿರಿವಂತ ಮುದುಕಿಯರಿಗೆ ಜೊತೆಗಾತಿಯಾಗಿರುವುದು, ಚಿಕ್ಕ ಶಾಲೆಯನ್ನು ನಡೆಸುವುದು, ದೊಡ್ಡ ಮನೆಗಳ ಮಕ್ಕಳಿಗೆ ಪಾಠ ಹೇಳುವುದು ಇವೇ ಆ ದಾರಿಗಳು. ಮೇರಿಯು ಈ ಮೂರನ್ನೂ ಒಂದಾದಮೇಲೊಂದರಂತೆ ಮಾಡಿ ನೋಡಿದಳು.

1784ರಲ್ಲಿ ಆಕೆಯ ಬದುಕಿನಲ್ಲಿ ಒಂದು ಕಠಿಣವಾದ ಘಟನೆ ನಡೆಯಿತು. ತಂಗಿ ಎಲೈಜಾ ಮದುವೆಯಾಗಿ ಒಂದು ಹೆಣ್ಣುಮಗುವನ್ನು ಹೆತ್ತಿದ್ದಳು. ಹೆರಿಗೆಯ ನಂತರ ಅವಳ ಮನಸ್ಸಿನ ಸ್ವಾಸ್ಥ್ಯ ಕೆಟ್ಟಿತು. ತಂಗಿಯ ದುಃಖಕ್ಕೆ ಗಂಡನ ವರ್ತನೆಯೇ ಕಾರಣವೆಂದು ಮೇರಿ ನಂಬಿದಳು. ಆತ ಮನೆಯಲ್ಲಿಲ್ಲದ ಹೊತ್ತನ್ನು ನೋಡಿಕೊಂಡು ತಂಗಿಯನ್ನು ಬಾಡಿಗೆಯ ಗಾಡಿಯೊಂದರಲ್ಲಿ ಕೂರಿಸಿದಳು. ಹಿಂಬಾಲಿಸುವವರಿಗೆ ಸುಳಿವು ಸಿಗದಿರಲೆಂದು ದಾರಿಯಲ್ಲಿ ಗಾಡಿಯನ್ನು ಬದಲಿಸಿ, ಬೇರೆ ಹೆಸರನ್ನು ಇಟ್ಟುಕೊಂಡು ನಗರದ ಇನ್ನೊಂದು ಮೂಲೆಯಲ್ಲಿ ಅಡಗಿದಳು. ಆದರೆ ಕೂಸನ್ನು ಜೊತೆಯಲ್ಲಿ ತರುವಂತಿರಲಿಲ್ಲ. ಕಾನೂನಿನ ಪ್ರಕಾರ ಕೂಸು ತಂದೆಗೆ ಸೇರಿದ್ದು. ಒಂದು ವರ್ಷ ತುಂಬುವುದರೊಳಗೆ ಆ ಮಗು ತೀರಿಕೊಂಡಿತು. ಹೆಣ್ಣಿಗೆ ಮನೆಯನ್ನು ಬಿಡುವ ಸ್ವಾತಂತ್ರ್ಯ ದೊರೆತರೂ ಅದಕ್ಕೆ ತೆರಬೇಕಾದ ಬೆಲೆ ಎಷ್ಟೆಂಬುದನ್ನು ಅಕ್ಕತಂಗಿಯರು ಹೀಗೆ ಅರಿತರು.

ಅದೇ ವರ್ಷ ಮೇರಿಯು ನ್ಯೂಯಿಂಗ್ಟನ್ ಗ್ರೀನ್ ಎಂಬಲ್ಲಿ ಶಾಲೆಯೊಂದನ್ನು ತೆರೆದಳು. ಅಲ್ಲಿ ರಿಚರ್ಡ್ ಪ್ರೈಸ್ ಎಂಬ ಧರ್ಮಬೋಧಕನ ಪರಿಚಯವಾಯಿತು. ಆತ ಅಮೆರಿಕದ ಸ್ವಾತಂತ್ರ್ಯ ಸಂಗ್ರಾಮವನ್ನು ಬಹಿರಂಗವಾಗಿ ಬೆಂಬಲಿಸಿದ್ದ ವಿಚಾರವಂತ. ಮನುಷ್ಯನ ಹಕ್ಕುಗಳು ದೊರೆಯ ದಾನವಲ್ಲ, ವಿವೇಚನಾಶಕ್ತಿಯನ್ನು ಪಡೆದು ಹುಟ್ಟಿದ್ದರಿಂದಲೇ ಬಂದವು ಎಂಬ ಮಾತನ್ನು ಮೇರಿ ಅಂಥವರ ಬಳಗದಲ್ಲಿ ಕೇಳಿದಳು. ಶಾಲೆ ಬಹುಕಾಲ ನಡೆಯಲಿಲ್ಲ. ಸಾಲದ ಹೊರೆಯಿಂದ 1786ರಲ್ಲಿ ಅದನ್ನು ಮುಚ್ಚಬೇಕಾಯಿತು. ಆ ಬಳಿಕ ಐರ್ಲೆಂಡಿನ ಸಿರಿವಂತ ಕುಟುಂಬವೊಂದರಲ್ಲಿ ಆಕೆ ಮಕ್ಕಳ ಶಿಕ್ಷಕಿಯಾಗಿದ್ದಳು. ಹೆಣ್ಣುಮಕ್ಕಳ ಶಿಕ್ಷಣವನ್ನು ಕುರಿತು ಆಕೆ ಬರೆದ ಚಿಕ್ಕ ಪುಸ್ತಕವು 1787ರಲ್ಲಿ ಪ್ರಕಟವಾಯಿತು. ಅದನ್ನು ಪ್ರಕಟಿಸಿದ ಜೋಸೆಫ್ ಜಾನ್ಸನ್ ಆಕೆಯ ಪ್ರತಿಭೆಯನ್ನು ಗುರುತಿಸಿ, ಭಾಷಾಂತರ ಮತ್ತು ವಿಮರ್ಶೆಯ ಕೆಲಸವನ್ನು ಕೊಟ್ಟನು. ಲೇಖನಿಯಿಂದಲೇ ಜೀವನ ನಡೆಸಲು ಮೇರಿ ನಿಶ್ಚಯಿಸಿದಳು. ಆ ಕಾಲದ ಹೆಣ್ಣೊಬ್ಬಳಿಗೆ ಇದು ಸಾಹಸದ ಮಾತೇ ಸರಿ.

1789ರಲ್ಲಿ ಫ್ರಾನ್ಸ್ ದೇಶದಲ್ಲಿ ಮಹಾಕ್ರಾಂತಿ ಆರಂಭವಾಯಿತು. ಇಂಗ್ಲೆಂಡಿನ ಪ್ರಸಿದ್ಧ ರಾಜಕಾರಣಿ ಎಡ್ಮಂಡ್ ಬರ್ಕ್ ಆ ಕ್ರಾಂತಿಯನ್ನು ಖಂಡಿಸಿ 1790ರ ನವೆಂಬರಿನಲ್ಲಿ ಗ್ರಂಥವೊಂದನ್ನು ಪ್ರಕಟಿಸಿದನು. ಹಳೆಯ ಪದ್ಧತಿಗಳನ್ನು ಕಿತ್ತೊಗೆಯುವುದು ಅನರ್ಥಕ್ಕೆ ದಾರಿ ಎಂಬುದು ಆತನ ವಾದ. ಕೆಲವೇ ವಾರಗಳಲ್ಲಿ ಮೇರಿಯು 'ಮಾನವರ ಹಕ್ಕುಗಳ ಸಮರ್ಥನೆ' ಎಂಬ ಪುಸ್ತಕವನ್ನು ಬರೆದು ಉತ್ತರ ಕೊಟ್ಟಳು. ಮೊದಲ ಮುದ್ರಣದಲ್ಲಿ ಲೇಖಕರ ಹೆಸರಿರಲಿಲ್ಲ. ಎರಡನೆಯ ಮುದ್ರಣದಲ್ಲಿ ಹೆಸರು ಬಂದಾಗ, ಇಂಥ ರಾಜಕೀಯ ವಾದವನ್ನು ಮಂಡಿಸಿದ್ದು ಒಬ್ಬ ಹೆಣ್ಣೆಂಬುದು ಎಲ್ಲರಿಗೂ ತಿಳಿಯಿತು.

ಆದರೆ ಕ್ರಾಂತಿಯನ್ನು ಮಾಡಿದವರೂ ಹೆಣ್ಣಿನ ವಿಷಯದಲ್ಲಿ ಹಳೆಯ ದಾರಿಯನ್ನೇ ಹಿಡಿದರು. 1791ರಲ್ಲಿ ತಾಲೆರಾನ್ ಎಂಬ ಮುಖಂಡನು ಫ್ರಾನ್ಸಿನ ಸಾರ್ವಜನಿಕ ಶಿಕ್ಷಣವನ್ನು ಕುರಿತು ವರದಿಯೊಂದನ್ನು ಅಲ್ಲಿನ ಶಾಸನಸಭೆಗೆ ಒಪ್ಪಿಸಿದನು. ಅದರಲ್ಲಿ ಹೆಣ್ಣುಮಕ್ಕಳಿಗೆ ಎಂಟು ವರ್ಷದವರೆಗೆ ಮಾತ್ರ ಶಾಲೆ; ಅನಂತರ ಅವರು ಮನೆಯಲ್ಲಿದ್ದು ಗೃಹಕೃತ್ಯವನ್ನು ಕಲಿಯತಕ್ಕದ್ದು ಎಂದಿತ್ತು. ಮನುಷ್ಯರೆಲ್ಲರೂ ಸ್ವತಂತ್ರರೆಂದು ಸಾರಿದವರೇ ಮನುಷ್ಯಕುಲದ ಅರ್ಧಭಾಗವನ್ನು ಹೊರಗಿಟ್ಟುದನ್ನು ಕಂಡು ಮೇರಿಗೆ ವ್ಯಥೆಯಾಯಿತು. ಆಕೆ ಸುಮಾರು ಆರು ವಾರಗಳಲ್ಲಿ 'ಸ್ತ್ರೀಯ ಹಕ್ಕುಗಳ ಸಮರ್ಥನೆ' ಎಂಬ ಗ್ರಂಥವನ್ನು ಬರೆದು, ಅದನ್ನು ಆ ತಾಲೆರಾನನಿಗೇ ಅರ್ಪಿಸಿದಳು. 1792ರಲ್ಲಿ ಪ್ರಕಟವಾದ ಈ ಗ್ರಂಥವೇ ಆಕೆಯ ಹೆಸರನ್ನು ಉಳಿಸಿರುವುದು.

ಆ ಗ್ರಂಥದ ವಾದಸರಣಿಯನ್ನು ಸ್ಥೂಲವಾಗಿ ಹೀಗೆ ಹೇಳಬಹುದು. ಮನುಷ್ಯನು ಪ್ರಾಣಿಗಳಿಗಿಂತ ಮೇಲೆನಿಸಿರುವುದು ವಿವೇಚನಾಶಕ್ತಿಯಿಂದ. ಆ ಶಕ್ತಿ ಸ್ತ್ರೀಗೂ ಉಂಟು, ಪುರುಷನಿಗೂ ಉಂಟು. ಆದುದರಿಂದ ಒಬ್ಬರ ಇಚ್ಛೆಯನ್ನು ಇನ್ನೊಬ್ಬರು ಕುರುಡಾಗಿ ಪಾಲಿಸಬೇಕೆಂಬ ನಿಯಮವು ಮನುಷ್ಯತ್ವಕ್ಕೆ ವಿರುದ್ಧವಾದುದು. ರಾಜರು ತಮ್ಮ ಅಧಿಕಾರವು ದೇವರಿಂದ ಬಂದದ್ದೆಂದು ಹೇಳುತ್ತಿದ್ದರು. ಜನ ಅದನ್ನು ಒಪ್ಪಲಿಲ್ಲ. ಗಂಡಂದಿರ ದೈವದತ್ತ ಅಧಿಕಾರವನ್ನೂ ಅದೇ ವಿಚಾರದ ಒರೆಗಲ್ಲಿಗೆ ಹಚ್ಚಿ ನೋಡಬೇಕೆಂದು ಆಕೆ ಕೇಳಿದಳು. ದೊರೆಯಾಗಲಿ, ಮನೆಯ ಯಜಮಾನನಾಗಲಿ, ನಿರಂಕುಶನಾದವನು ಮೊದಲು ಮಾಡುವ ಕೆಲಸವೆಂದರೆ ತನ್ನ ಕೈಕೆಳಗಿನವರ ವಿಚಾರಶಕ್ತಿಯನ್ನು ಅಡಗಿಸುವುದು. ಹಾಗೆ ಅಡಗಿಸಿ, ಬಳಿಕ ಅವರಿಗೆ ವಿಚಾರಶಕ್ತಿಯೇ ಇಲ್ಲವೆಂದು ಆತ ದೂರುತ್ತಾನೆ.

ಸ್ತ್ರೀಯರು ಅಲಂಕಾರಪ್ರಿಯರು, ಚಂಚಲರು, ಕಪಟಿಗಳು ಎಂಬ ಆರೋಪವನ್ನು ಆಕೆ ಪೂರ್ತಿಯಾಗಿ ಅಲ್ಲಗಳೆಯುವುದಿಲ್ಲ. ತನ್ನ ಕಾಲದ ಅನೇಕ ಸ್ತ್ರೀಯರಲ್ಲಿ ಈ ದೋಷಗಳಿದ್ದವೆಂದು ಒಪ್ಪಿಕೊಂಡು, ಅವುಗಳ ಕಾರಣವನ್ನು ಹುಡುಕುತ್ತಾಳೆ. ಕೆಲಸವಿಲ್ಲದೆ, ಜವಾಬ್ದಾರಿಯಿಲ್ಲದೆ, ವೇಷಭೂಷಣದಲ್ಲಿ ಕಾಲ ಕಳೆಯುವ ಸೈನ್ಯಾಧಿಕಾರಿಗಳಲ್ಲಿಯೂ ಇವೇ ದೋಷಗಳು ಕಾಣುತ್ತವೆ ಎಂದು ತೋರಿಸುತ್ತಾಳೆ. ಅಂದಮೇಲೆ ಇವು ಹೆಣ್ಣುತನದ ಗುಣಗಳಲ್ಲ. ಬೆಳೆಸಿದ ರೀತಿಯ ಫಲಗಳು. ನೇರವಾಗಿ ಕೇಳುವ ಹಕ್ಕಿಲ್ಲದವನು ಉಪಾಯದಿಂದ ಪಡೆಯಲು ಕಲಿಯುತ್ತಾನೆ. ಹಕ್ಕು ಕೊಟ್ಟರೆ ಕಪಟಕ್ಕೆ ಕಾರಣವಿರುವುದಿಲ್ಲ. ಇನ್ನೊಂದು ಮಾತನ್ನೂ ಆಕೆ ಎಚ್ಚರದಿಂದ ಹೇಳಿದ್ದಾಳೆ. ಮೇಲಿನವನ ದಬ್ಬಾಳಿಕೆಯನ್ನು ಸಹಿಸುವವಳು ಅದನ್ನು ತನ್ನ ಮಕ್ಕಳ ಮೇಲೆಯೂ ಸೇವಕರ ಮೇಲೆಯೂ ಇಳಿಸುತ್ತಾಳೆ. ಆದುದರಿಂದ ಮನೆಯೊಳಗಿನ ಅರಸೊತ್ತಿಗೆಯಿಂದ ಕೆಡುವವನು ಅರಸನೊಬ್ಬನೇ ಅಲ್ಲ, ಇಡೀ ಮನೆ.

ಇದಕ್ಕೆ ಪರಿಹಾರವೇನು? ಫ್ರಾನ್ಸಿನ ಮಹಾಲೇಖಕ ರೂಸೋ 1762ರಲ್ಲಿ ಪ್ರಕಟಿಸಿದ 'ಎಮಿಲ್' ಎಂಬ ಗ್ರಂಥದಲ್ಲಿ ಹೆಣ್ಣಿನ ಶಿಕ್ಷಣವು ಪುರುಷನನ್ನು ಸಂತೋಷಪಡಿಸುವುದಕ್ಕಾಗಿ ಇರಬೇಕೆಂದು ಹೇಳಿದ್ದನು. ಮೇರಿಯು ಈ ಅಭಿಪ್ರಾಯವನ್ನು ವಿಸ್ತಾರವಾಗಿ ಖಂಡಿಸಿದಳು. ಸರ್ಕಾರವು ಎಲ್ಲೆಡೆ ಹಗಲು ಶಾಲೆಗಳನ್ನು ಸ್ಥಾಪಿಸಬೇಕು. ಐದರಿಂದ ಒಂಬತ್ತು ವರ್ಷದ ಮಕ್ಕಳು ಬಡವ ಬಲ್ಲಿದರೆನ್ನದೆ, ಗಂಡು ಹೆಣ್ಣೆನ್ನದೆ ಅಲ್ಲಿ ಒಟ್ಟಿಗೆ ಓದಬೇಕು. ಬಡತನ ಸಿರಿತನಗಳು ಕಣ್ಣಿಗೆ ಬೀಳದಂತೆ ಎಲ್ಲರಿಗೂ ಒಂದೇ ಬಗೆಯ ಉಡುಪಿರಬೇಕು ಎಂದು ಆಕೆ ಸೂಚಿಸಿದಳು. ಸ್ತ್ರೀಯರು ವೈದ್ಯವೃತ್ತಿಯನ್ನು ಕೈಗೊಳ್ಳಬಹುದು, ವ್ಯಾಪಾರವನ್ನು ನಡೆಸಬಹುದು. ದುಡಿದು ತಿನ್ನುವವಳಿಗೆ ಕೇವಲ ಆಶ್ರಯಕ್ಕಾಗಿ ಮದುವೆಯಾಗುವ ಅಗತ್ಯ ಬೀಳುವುದಿಲ್ಲ ಎಂದಳು. ಶಾಸನಸಭೆಯಲ್ಲಿ ಸ್ತ್ರೀಯರಿಗೂ ಪ್ರತಿನಿಧಿಗಳಿರಬೇಕೆಂಬ ಸೂಚನೆಯೂ ಆ ಗ್ರಂಥದಲ್ಲಿದೆ; ಓದುವವರು ನಗಬಹುದೆಂಬ ಅರಿವಿನಿಂದಲೇ ಆಕೆ ಅದನ್ನು ಬರೆದಿದ್ದಾಳೆ. ಪುರುಷರನ್ನು ಆಳುವ ಅಧಿಕಾರವನ್ನು ಆಕೆ ಕೇಳಲಿಲ್ಲ. ಹೆಣ್ಣು ತನ್ನ ಬದುಕಿಗೆ ತಾನೇ ಹೊಣೆಗಾರಳಾಗಬೇಕೆಂಬುದಷ್ಟೇ ಆಕೆಯ ಬೇಡಿಕೆಯಾಗಿತ್ತು.

ಮೇರಿಯ ಬದುಕು ದೀರ್ಘವಾಗಲಿಲ್ಲ. ಕ್ರಾಂತಿಯನ್ನು ಕಣ್ಣಾರೆ ಕಾಣಲು 1792ರ ಕೊನೆಯಲ್ಲಿ ಆಕೆ ಪ್ಯಾರಿಸ್ ನಗರಕ್ಕೆ ಹೋದಳು. ಸ್ವಾತಂತ್ರ್ಯದ ಹೆಸರಿನಲ್ಲಿ ಅಲ್ಲಿ ಹರಿದ ರಕ್ತವನ್ನು ಕಂಡು ನೊಂದಳು. ಫ್ರಾನ್ಸಿನಲ್ಲಿಯೇ ಸ್ತ್ರೀಯರ ಹಕ್ಕುಗಳ ಘೋಷಣೆಯನ್ನು 1791ರಲ್ಲಿ ಪ್ರಕಟಿಸಿದ್ದ ಒಲಾಂಪ್ ದ ಗೂಜ್ ಎಂಬ ಲೇಖಕಿಯನ್ನು ಆಗಿನ ಆಡಳಿತವನ್ನು ವಿರೋಧಿಸಿ ಬರೆದಳೆಂಬ ಕಾರಣದಿಂದ 1793ರ ನವೆಂಬರಿನಲ್ಲಿ ಶಿರಚ್ಛೇದ ಮಾಡಲಾಯಿತು. ಮೇರಿಯು ಪ್ರೀತಿಯಲ್ಲಿ ವಂಚಿತಳಾಗಿ, ಹೆಣ್ಣುಮಗುವೊಂದರೊಡನೆ ಇಂಗ್ಲೆಂಡಿಗೆ ಮರಳಿದಳು. 1797ರಲ್ಲಿ ವಿಚಾರವಾದಿ ವಿಲಿಯಂ ಗಾಡ್ವಿನ್‌ನನ್ನು ಮದುವೆಯಾದಳು. ಅದೇ ವರ್ಷದ ಆಗಸ್ಟ್ 30ರಂದು ಎರಡನೆಯ ಮಗಳು ಹುಟ್ಟಿದಳು. ಹನ್ನೊಂದು ದಿನಗಳ ತರುವಾಯ, ಸೆಪ್ಟೆಂಬರ್ 10ರಂದು, ಬಾಣಂತಿಯ ಜ್ವರದಿಂದ ಮೇರಿಯು ಮರಣಹೊಂದಿದಳು. ಆಗ ಆಕೆಗೆ 38 ವರ್ಷ. ಆ ಮಗಳೇ ಮುಂದೆ 'ಫ್ರಾಂಕೆನ್‌ಸ್ಟೈನ್' ಕಾದಂಬರಿಯನ್ನು ಬರೆದ ಮೇರಿ ಶೆಲ್ಲಿ.

ಸಾಯುವ ಕಾಲಕ್ಕೆ ಮೇರಿಯು ಒಂದು ಕಾದಂಬರಿಯನ್ನು ಬರೆಯುತ್ತಿದ್ದಳು. ಹೆಂಡತಿಯ ಆಸ್ತಿಗಾಗಿ ಗಂಡನು ಅವಳನ್ನು ಹುಚ್ಚರ ಮನೆಯಲ್ಲಿ ಕೂಡಿಹಾಕಿ, ಕೂಸನ್ನು ಅವಳಿಂದ ಅಗಲಿಸುವುದು ಅದರ ಕಥಾವಸ್ತು. 1798ರಲ್ಲಿ ಗಾಡ್ವಿನ್ ಆ ಅಪೂರ್ಣ ಕೃತಿಯನ್ನೂ ಆಕೆಯ ಜೀವನಚರಿತ್ರೆಯನ್ನೂ ಪ್ರಕಟಿಸಿದನು. ಪತ್ನಿಯ ಬದುಕಿನ ಎಲ್ಲ ಸಂಗತಿಗಳನ್ನು ಆತ ಮುಚ್ಚುಮರೆಯಿಲ್ಲದೆ ಬರೆದಿದ್ದನು. ಅದನ್ನು ಓದಿದ ಸಮಾಜವು ಆಕೆಯ ನಡತೆಯನ್ನು ಹಳಿಯಿತು. ನಡತೆಯ ನೆಪದಿಂದ ವಿಚಾರವನ್ನೂ ದೂರವಿಟ್ಟಿತು. ಬಹುಕಾಲ ಆಕೆಯ ಹೆಸರನ್ನು ಹೇಳಲು ಸ್ತ್ರೀಯರೇ ಅಂಜುವಂತಾಯಿತು.

ಆದರೆ ಅನ್ಯಾಯವು ಉಳಿದಿರುವವರೆಗೆ ಅದನ್ನು ಪ್ರಶ್ನಿಸುವವರು ಹುಟ್ಟುತ್ತಲೇ ಇರುತ್ತಾರೆ. 1836ರಲ್ಲಿ ಕೆರೊಲಿನ್ ನಾರ್ಟನ್ ಎಂಬ ಲೇಖಕಿಯನ್ನು ಆಕೆಯ ಗಂಡನು ಮನೆಯಿಂದ ಹೊರಗಿಟ್ಟು, ಮೂವರು ಗಂಡುಮಕ್ಕಳನ್ನು ತಾನೇ ಇಟ್ಟುಕೊಂಡನು. ಮದುವೆಯ ಕಾಲದಲ್ಲಿ ಆತ ಆಕೆಯನ್ನು ಹಲವು ಬಾರಿ ಹೊಡೆದಿದ್ದನು. ಆದರೂ ಮಕ್ಕಳನ್ನು ನೋಡುವ ಹಕ್ಕು ತಾಯಿಗೆ ಇರಲಿಲ್ಲ. ನಾರ್ಟನ್ ಕಣ್ಣೀರಿಡುತ್ತ ಕೂರಲಿಲ್ಲ. ಕಾನೂನನ್ನು ಓದಿದಳು, ಕಿರುಹೊತ್ತಗೆಗಳನ್ನು ಬರೆದಳು, ಸಂಸತ್ತಿನ ಸದಸ್ಯರ ಮನವೊಲಿಸಿದಳು. ಇದರ ಫಲವಾಗಿ 1839ರಲ್ಲಿ ಶಿಶುಪಾಲನೆಯ ಕಾಯಿದೆ ಬಂದಿತು. ಏಳು ವರ್ಷಕ್ಕಿಂತ ಚಿಕ್ಕ ಮಕ್ಕಳನ್ನು ತನ್ನ ವಶಕ್ಕೆ ಕೊಡಬೇಕೆಂದು ತಾಯಿಯು ನ್ಯಾಯಾಲಯವನ್ನು ಬೇಡಿಕೊಳ್ಳಲು ಅದು ಅವಕಾಶ ಕೊಟ್ಟಿತು. ಆದರೆ ಗಂಡನು ಮಕ್ಕಳನ್ನು ಸ್ಕಾಟ್ಲೆಂಡಿಗೆ ಕಳುಹಿಸಿದ್ದರಿಂದ ಆ ಕಾಯಿದೆ ಅವರಿಗೆ ಅನ್ವಯಿಸಲಿಲ್ಲ. 1842ರಲ್ಲಿ ಆಕೆಯ ಕಿರಿಯ ಮಗನು ಕುದುರೆಯಿಂದ ಬಿದ್ದು, ತಾಯಿ ಬಂದು ತಲಪುವುದರೊಳಗೆ ಅಸುನೀಗಿದನು. ತಾನು ತಂದ ಕಾನೂನಿನ ಫಲವನ್ನು ತಾನು ಉಣ್ಣದೆ ಇತರ ತಾಯಂದಿರಿಗೆ ಬಿಟ್ಟುಕೊಟ್ಟಳು ಆಕೆ.

ಈ ವಿಚಾರಧಾರೆಯನ್ನು ಸಂಸತ್ತಿನ ಒಳಕ್ಕೆ ಕೊಂಡೊಯ್ದವನು ತತ್ತ್ವಜ್ಞಾನಿ ಜಾನ್ ಸ್ಟುಅರ್ಟ್ ಮಿಲ್. 1851ರಲ್ಲಿ ಹ್ಯಾರಿಯೆಟ್ ಟೇಲರಳನ್ನು ಮದುವೆಯಾಗುವಾಗ, ಕಾನೂನು ಗಂಡನಿಗೆ ಕೊಡುವ ಅಧಿಕಾರಗಳನ್ನು ತಾನು ಎಂದೂ ಬಳಸುವುದಿಲ್ಲವೆಂದು ಆತ ಲಿಖಿತವಾಗಿ ಘೋಷಿಸಿದ್ದನು. ಸಂಸತ್ತಿನ ಸದಸ್ಯನಾಗಿದ್ದಾಗ ಸ್ತ್ರೀಯರಿಗೂ ಮತದಾನದ ಹಕ್ಕನ್ನು ಕೊಡಬೇಕೆಂದು 1867ರ ಮೇ 20ರಂದು ತಿದ್ದುಪಡಿಯನ್ನು ಮಂಡಿಸಿದನು. ಪರವಾಗಿ 73, ವಿರುದ್ಧವಾಗಿ 196 ಮತಗಳು ಬಂದು ಅದು ಬಿದ್ದುಹೋಯಿತು. 1869ರಲ್ಲಿ ಆತ 'ಸ್ತ್ರೀಯರ ಅಧೀನತೆ' ಎಂಬ ಗ್ರಂಥವನ್ನು ಪ್ರಕಟಿಸಿದನು.

ಎಲ್ಲ ಗಂಡಂದಿರೂ ಕ್ರೂರಿಗಳಲ್ಲ, ಒಳ್ಳೆಯವರೇ ಹೆಚ್ಚು; ಆದುದರಿಂದ ಕಾನೂನನ್ನು ಬದಲಿಸುವ ಅಗತ್ಯವೇನು ಎಂದು ಆಗ ಹಲವರು ಕೇಳುತ್ತಿದ್ದರು. ಮಿಲ್ ಇದಕ್ಕೆ ಕೊಟ್ಟ ಉತ್ತರ ಮನನೀಯವಾದುದು. ಕಾನೂನಿನ ಅಧಿಕಾರವು ಒಳ್ಳೆಯವನಿಗೆ ಮಾತ್ರ ದೊರೆಯುವುದಿಲ್ಲ. ಅತ್ಯಂತ ದುಷ್ಟನಾದವನಿಗೂ ಅಷ್ಟೇ ಅಧಿಕಾರ ದೊರೆಯುತ್ತದೆ. ದಯಾಳುವಾದ ದೊರೆಯೊಬ್ಬನು ಇದ್ದನೆಂಬ ಕಾರಣದಿಂದ ನಿರಂಕುಶ ಪ್ರಭುತ್ವವನ್ನು ಯಾರೂ ಸಮರ್ಥಿಸುವುದಿಲ್ಲವಷ್ಟೆ. ಸಂಸಾರಕ್ಕೆ ಒಬ್ಬ ಯಜಮಾನ ಬೇಡವೆ ಎಂಬುದು ಇನ್ನೊಂದು ಆಕ್ಷೇಪ. ಇಬ್ಬರು ಪಾಲುಗಾರರು ಸೇರಿ ವ್ಯಾಪಾರವನ್ನು ನಡೆಸುತ್ತಾರೆ. ಅವರಲ್ಲಿ ಒಬ್ಬನು ಒಡೆಯ, ಇನ್ನೊಬ್ಬನು ಆಳು ಎಂದು ಕಾನೂನು ಮೊದಲೇ ನಿರ್ಧರಿಸುವುದಿಲ್ಲ. ಆದರೂ ವ್ಯಾಪಾರ ನಡೆಯುತ್ತದೆ ಎಂದು ಮಿಲ್ ಅದಕ್ಕೆ ಉತ್ತರಿಸಿದನು. ಮಕ್ಕಳು ನ್ಯಾಯವನ್ನು ಮೊದಲು ಕಲಿಯುವುದು ಮನೆಯಲ್ಲಿ. ಅಲ್ಲಿ ಅಪ್ಪಣೆಯನ್ನೂ ಅಂಜಿಕೆಯನ್ನೂ ಮಾತ್ರ ಕಂಡು ಬೆಳೆದವರು ದೊಡ್ಡವರಾಗಿ ಸಮಾನತೆಯ ರಾಜ್ಯವನ್ನು ಕಟ್ಟುವುದು ದುಸ್ಸಾಧ್ಯವೆಂಬುದು ಆತನ ಖಚಿತವಾದ ಅಭಿಪ್ರಾಯ.

ಮುಂದಿನ ವರ್ಷಗಳಲ್ಲಿ ಕಾನೂನಿನ ಹಳೆಯ ಕೋಟೆ ಕಲ್ಲು ಕಲ್ಲಾಗಿ ಸಡಿಲಿತು. 1870ರ ಕಾಯಿದೆಯಂತೆ ಹೆಂಡತಿಯು ದುಡಿದ ಸಂಬಳ ಅವಳದೇ ಆಯಿತು. 1878ರಲ್ಲಿ ಫ್ರಾನ್ಸಿಸ್ ಪವರ್ ಕಾಬ್ ಎಂಬ ಲೇಖಕಿಯು, ಇಂಗ್ಲೆಂಡಿನಲ್ಲಿ ಹೆಂಡತಿಯರು ಅನುಭವಿಸುತ್ತಿದ್ದ ಹಿಂಸೆಯನ್ನು ಕುರಿತು ಲೇಖನ ಬರೆದು ಜನರ ಕಣ್ಣು ತೆರೆಸಿದಳು. ಅದೇ ವರ್ಷ ಹೊಸ ಕಾಯಿದೆಯೊಂದು ಜಾರಿಗೆ ಬಂದಿತು. ಹೆಂಡತಿಯ ಮೇಲೆ ಘೋರವಾದ ಹಲ್ಲೆ ಮಾಡಿದ ಅಪರಾಧಕ್ಕಾಗಿ ಗಂಡನಿಗೆ ಶಿಕ್ಷೆಯಾದರೆ, ಅವಳು ಬೇರೆ ವಾಸಿಸಬಹುದೆಂದು ಆಜ್ಞೆ ಮಾಡುವ ಅಧಿಕಾರವು ಅದರಿಂದ ಮ್ಯಾಜಿಸ್ಟ್ರೇಟರಿಗೆ ದೊರೆಯಿತು. 1882ರಲ್ಲಿ ವಿವಾಹಿತ ಸ್ತ್ರೀಗೆ ಸ್ವಂತ ಆಸ್ತಿಯನ್ನು ಹೊಂದುವ ಹಕ್ಕು ಬಂದಿತು. ಹೆಂಡತಿಯನ್ನು ಬಲಾತ್ಕಾರದಿಂದ ಮನೆಯಲ್ಲಿ ಕೂಡಿಹಾಕುವ ಅಧಿಕಾರ ಗಂಡನಿಗೆ ಇಲ್ಲವೆಂದು 1891ರಲ್ಲಿ ಮೇಲ್ಮನವಿ ನ್ಯಾಯಾಲಯವು ತೀರ್ಪು ಕೊಟ್ಟಿತು. 1918ರಲ್ಲಿ ಮೂವತ್ತು ವರ್ಷ ತುಂಬಿದ, ಗೊತ್ತಾದ ಆಸ್ತಿಯ ಅರ್ಹತೆಯುಳ್ಳ ಸ್ತ್ರೀಯರಿಗೆ ಮತದಾನದ ಹಕ್ಕು ಬಂದಿತು. 1928ರಲ್ಲಿ ಅದು ಪುರುಷರ ಸಮಕ್ಕೆ, ಇಪ್ಪತ್ತೊಂದನೆಯ ವಯಸ್ಸಿಗೆ ಇಳಿಯಿತು. ಮೇರಿಯ ಗ್ರಂಥ ಪ್ರಕಟವಾಗಿ ಆಗ 136 ವರ್ಷಗಳು ಕಳೆದಿದ್ದವು.

ಇವರೆಲ್ಲರೂ ಹೇಳಿದ ಮಾತಿನ ತಿರುಳು ಒಂದೇ. ಅಧಿಕಾರಕ್ಕೆ ಎಲ್ಲೆಯಿರಬೇಕೆಂಬ ನಿಯಮವು ಅರಮನೆಗೆ ಹೇಗೋ ಮನೆಗೂ ಹಾಗೆಯೇ ಸಲ್ಲುತ್ತದೆ. ಹೊಸಿಲಿನ ಹೊರಗೆ ಅನ್ಯಾಯವೆನಿಸುವುದು ಹೊಸಿಲಿನ ಒಳಗೆ ನ್ಯಾಯವಾಗದು. ಮನೆಯ ಮಾತು ಮನೆಯಲ್ಲೇ ಇರಲಿ ಎಂಬ ಸಂಕೋಚವು ನೊಂದವರ ಬಾಯನ್ನು ಕಟ್ಟಿ, ನೋಯಿಸಿದವರಿಗೆ ನೆರವಾಗುತ್ತದೆ. ಈ ಸಂಕೋಚವನ್ನು ಮೀರಿ ಮಾತನಾಡಿದವರು ಅಪಮಾನವನ್ನು ಉಂಡರು, ಮಕ್ಕಳಿಂದ ಅಗಲಿದರು, ತಾವು ಕೇಳಿದ ನ್ಯಾಯವನ್ನು ಕಾಣದೆಯೇ ಕಣ್ಮುಚ್ಚಿದರು. ತಾಯಿಯನ್ನು ಕಾಯಲು ಬಾಗಿಲ ಬಳಿ ಮಲಗುತ್ತಿದ್ದ ಹುಡುಗಿಗೆ ಆ ರಾತ್ರಿಗಳಲ್ಲಿ ನೆರವಾಗಲು ಯಾವ ಕಾನೂನೂ ಇರಲಿಲ್ಲ. ಅಂಥ ಕಾನೂನು ಇರಬೇಕೆಂದು ಲೋಕವು ಕಲಿತದ್ದು ಆಕೆಯಿಂದ ಮತ್ತು ಆಕೆಯಂಥವರಿಂದ.

ಅಭ್ಯಾಸ

ಅ) ಒಂದೊಂದು ವಾಕ್ಯದಲ್ಲಿ ಉತ್ತರಿಸಿರಿ.
1. ಮೇರಿ ವುಲ್ಸ್‌ಟನ್‌ಕ್ರಾಫ್ಟ್ ಎಲ್ಲಿ, ಯಾವಾಗ ಜನಿಸಿದಳು?
2. 'ಸ್ತ್ರೀಯ ಹಕ್ಕುಗಳ ಸಮರ್ಥನೆ' ಗ್ರಂಥವನ್ನು ಆಕೆ ಯಾರಿಗೆ ಅರ್ಪಿಸಿದಳು?
3. 1839ರ ಕಾಯಿದೆ ತಾಯಂದಿರಿಗೆ ಯಾವ ಅವಕಾಶವನ್ನು ಕೊಟ್ಟಿತು?

ಆ) ನಾಲ್ಕೈದು ವಾಕ್ಯಗಳಲ್ಲಿ ಉತ್ತರಿಸಿರಿ.
1. ಹದಿನೆಂಟನೆಯ ಶತಮಾನದ ಇಂಗ್ಲೆಂಡಿನಲ್ಲಿ ವಿವಾಹಿತ ಸ್ತ್ರೀಯ ಸ್ಥಿತಿ ಹೇಗಿತ್ತು?
2. ಸ್ತ್ರೀಯರಲ್ಲಿ ಕಾಣುವ ದೋಷಗಳಿಗೆ ಮೇರಿಯು ಯಾವ ಕಾರಣವನ್ನು ಕೊಡುತ್ತಾಳೆ?
3. ಒಳ್ಳೆಯ ಗಂಡಂದಿರೇ ಹೆಚ್ಚೆಂಬ ವಾದಕ್ಕೆ ಮಿಲ್ ಕೊಟ್ಟ ಉತ್ತರವೇನು?

ಇ) ಚರ್ಚಿಸಿರಿ.
'ಹೊಸಿಲಿನ ಹೊರಗೆ ಅನ್ಯಾಯವೆನಿಸುವುದು ಹೊಸಿಲಿನ ಒಳಗೆ ನ್ಯಾಯವಾಗದು.'